ಅಂಗಳದ ಚೀಲಗಳಿಗೆ ಹದಿಮೂರು ಕಂಬಳಿ

ಇಳಕಲ್ಲ
20 ಮೇ 2024

ಅಕ್ಕಾ,

ಈ ಕಾಗದ ಓದುವ ಮುಂಚೆ ಕುಳಿತುಕೋ. ನಿನ್ನ ತಮ್ಮ ಇವತ್ತಿನಿಂದ ಕೊಡಲಿ ಹಿಡಿಯುವುದಿಲ್ಲ.

ಬಾನುಬಿಯವರ ಬಣ್ಣದ ಮನೆಯಲ್ಲಿ ಹತ್ತೊಂಬತ್ತು ವರ್ಷ ಕಟ್ಟಿಗೆ ಒಡೆದೆ. ಸೀರೆಯ ಸೆರಗಿಗೆ ಬೇಕಾದ ಕೆಂಪು ನೂಲು ಕುದಿಯುವುದು ಮುತ್ತುರಾಜನ ಕಟ್ಟಿಗೆಯಿಂದ ಎಂದು ಯಾರೂ ಹೇಳಲಿಲ್ಲ. ಹೊಗೆ ಹೆಚ್ಚಾದಾಗ ಮಾತ್ರ ಎಲ್ಲರಿಗೂ ನನ್ನ ಹೆಸರು ನೆನಪಾಗುತ್ತಿತ್ತು. ಈಗ ಹಂಡೆಗಳ ಕೆಳಗೆ ಹೊಸ ಒಲೆ ಬಂದಿದೆ. ಅದು ತಿನ್ನುವುದು ಪೆಲೆಟ್. ಅಂದರೆ ಕಟ್ಟಿಗೆಯ ಹೊಟ್ಟನ್ನು ಯಂತ್ರದಲ್ಲಿ ಒತ್ತಿ ಮಾಡಿದ, ಕಿರುಬೆರಳಿಗಿಂತ ಸಣ್ಣ ತುಂಡುಗಳು. ಹೊಗೆಯಿಲ್ಲ, ಉರಿ ಒಂದೇ ಸಮ. ಬೆಂಕಿಗೆ ಬೇಗ ಹತ್ತುವ ಮಾಲಾದ್ದರಿಂದ ನೂಲಿನ ಹತ್ತಿರ ಇಡುವಂತಿಲ್ಲ, ಒಳಗೆ ಜಾಗವೂ ಇಲ್ಲ. ದಿನದ ಖರ್ಚಿಗೆ ಆಗಾಗ ಬೇರೆ ಬರುತ್ತದೆ; ಹಬ್ಬದ ಸೀರೆಗಳಿಗೆಂದು ಕೂಡಿಟ್ಟ ನೂರಿಪ್ಪತ್ತು ಚೀಲ ಹಿತ್ತಲ ಅಂಗಳದಲ್ಲೇ, ಬಯಲಿನಲ್ಲೇ ಇರಬೇಕು. ಅವುಗಳ ಉಸ್ತುವಾರಿ ನನ್ನದು. ಅಂಗಳದ ಕೀಲಿಕೈ ನನ್ನ ಉಡದಾರದಲ್ಲಿದೆ.

ಕೀಲಿ ಕೊಡುವಾಗ ಬಾನುಬಿಯವರು ಹೇಳಿದ್ದು ಕೇಳು: “ಮುತ್ತುರಾಜ, ಮಳಿಗಾಲ ದಾಟಿಸಿ ತೋರ್ಸು. ಮಾಲು ಒಣಗಿದ್ದು ಒಣಗಿದ್ಹಂಗ ಉಳೀತಂದ್ರ ಕೀಲಿ ನಿಂದ. ತೊಯ್ತಂದ್ರ ನಾ ಮತ್ತ ಕಟ್ಟಿಗಿಗೇ ಹೋಗ್ತೇನಿ, ನೀ ಕೊಡ್ಲಿಗೇ ಹೋಗು.” ಬಣ್ಣದ ಮೇಸ್ತ್ರಿ ಅಯೂಬ ಪಕ್ಕದಲ್ಲಿ ನಿಂತು ಕಿಸಕ್ಕನೆ ನಕ್ಕ. ಆ ನಗು ಕೇಳಿ ನಾನು ಎಲ್ಲರೆದುರು ಬೀರಪ್ಪನ ಆಣೆ ಹಾಕಿಬಿಟ್ಟೆ, ಒಂದು ಚೀಲವನ್ನೂ ತೋಯಗೊಡುವುದಿಲ್ಲ ಎಂದು.

ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಕಿವಿಗೆ ಕೇಳಿಸದು. ಮಾವ ನಡುವೆ ನಿಂತು ಅರ್ಧ ನನ್ನ ಮಾತು, ಅರ್ಧ ತಮ್ಮ ಮಾತು ಸೇರಿಸಿ ಹೇಳುತ್ತಾರೆ. ಅದಕ್ಕೇ ಕಾಗದ. ಒಂದು ಸಣ್ಣ ಚೀಲ ಪೆಲೆಟ್ ಇಮಾಮಹುಸೇನನ ಟೆಂಪೋದಲ್ಲಿ ಕಳಿಸುತ್ತಿದ್ದೇನೆ. ಕೈಯಲ್ಲಿ ಹಿಡಿದು ನೋಡು.

ಇಂತು ನಿನ್ನ ತಮ್ಮ,
ಉಸ್ತುವಾರಿ ಮುತ್ತುರಾಜ


ಮರೋಳ
29 ಮೇ 2024

ಉಸ್ತುವಾರಿ ಸಾಹೇಬರಿಗೆ,

ನಿನ್ನ ಚೀಲ ಶುಕ್ರವಾರ ಬಂತು, ಕಾಗದ ಮಂಗಳವಾರ ಬಂತು. ಆದ್ದರಿಂದ ತಪ್ಪು ನನ್ನದಲ್ಲ.

ಇಮಾಮಹುಸೇನ ಚೀಲವನ್ನು ಕಟ್ಟೆಯ ಮೇಲಿಟ್ಟು, ನೀನು ಕಳಿಸಿದ್ದೆಂದು ಕೈಸನ್ನೆ ಮಾಡಿ ಹೋದ. ಬಿಚ್ಚಿ ನೋಡಿದರೆ ಡೈರಿಯಲ್ಲಿ ಕೊಡುವ ಹಿಂಡಿ! ಅದೇ ಗಾತ್ರ, ಅದೇ ಬಣ್ಣ. ತಮ್ಮನಿಗೆ ನನ್ನ ಎಮ್ಮೆ ನೆನಪಾಯಿತಲ್ಲ ಎಂದು ಕಣ್ಣು ತುಂಬಿ ಬಂತು. ಎರಡು ಸೇರು ಬಕೆಟ್ಟಿಗೆ ಹಾಕಿ, ನೀರು ಹೊಯ್ದು, ಎಂದಿನಂತೆ ನೆನೆಯಿಟ್ಟೆ. ಮುಂಜಾನೆ ನೋಡಿದರೆ ಬಕೆಟ್ಟಿನ ತುಂಬ ಉಬ್ಬಿದ ಹೊಟ್ಟು, ನೀರು ಒಂದು ಹನಿಯೂ ಇಲ್ಲ. ಎಮ್ಮೆ ಅದನ್ನು ಮೂಸಿತು, ನನ್ನ ಮುಖ ನೋಡಿತು, ಹಿಂದೆ ತಿರುಗಿ ನಿಂತಿತು. ನಿನ್ನ ಮಾವ ಓಣಿಗೆಲ್ಲ ಡಂಗುರ ಹೊಡೆದರು: “ಮುತ್ತು ಅಕ್ಕನ ಎಮ್ಮಿಗೆ ಕಟ್ಟಿಗಿ ತಿನ್ನಾಕ ಕಳಿಸ್ಯಾನ ನೋಡ್ರಿ!”

ನಗುವುದು ಇರಲಿ. ಆ ಬಕೆಟ್ಟು ನೋಡಿದಾಗಿನಿಂದ ನನಗೆ ಹೆದರಿಕೆ. ಇದು ನೀರು ಕುಡಿಯುವ ಮಾಲು. ಆಣೆ ಹಾಕುವ ಮೊದಲು ನೀನು ಒಂದು ಹಿಡಿಯನ್ನಾದರೂ ನೆನೆಸಿ ನೋಡಬೇಕಿತ್ತು.

ಬಣವೆ ಒಟ್ಟುವಂತೆ ಒಟ್ಟು. ಜೋಳದ ಕಣಕಿಗೆ ನಾವು ಕೆಳಗೆ ಕಲ್ಲು ಹಾಸಿ, ಮೇಲೆ ಅಡ್ಡಗಟ್ಟಿಗೆ ಹಾಕಿ, ಅಡಿಯಲ್ಲಿ ಗಾಳಿಯಾಡಲು ಜಾಗ ಬಿಡುತ್ತೇವೆ. ನೆತ್ತಿ ಎತ್ತರ, ಎರಡು ಬದಿಗೆ ಇಳಿಜಾರು. ಮೂವತ್ತು ವರ್ಷದಲ್ಲಿ ನಾನು ಒಟ್ಟಿದ ಬಣವೆಯೊಳಗೆ ಒಂದು ದಂಟೂ ಕಪ್ಪಾಗಿಲ್ಲ. ಇದು ಜಂಬವಲ್ಲ, ಖರೆ ಮಾತು.

ಕೀಲಿಯ ಸುದ್ದಿ ಕೇಳಿ ಭಾಳ ಹೆಮ್ಮೆಯಾಗಿದೆ. ಉಡದಾರ ಹಳೆಯದಿದ್ದರೆ ಹೊಸದು ಕಟ್ಟಿಕೋ, ಕೀಲಿ ಎಲ್ಲಾದರೂ ಬಿದ್ದೀತು.

ಸೋಮವ್ವ


ಇಳಕಲ್ಲ
10 ಜೂನ್ 2024

ಅಕ್ಕಾ,

ಎಮ್ಮೆಯ ಸುದ್ದಿಯನ್ನು ಅಯೂಬನಿಗೆ ಓದಿ ಹೇಳಿದೆ. ಈ ಸಲ ಅವನು ನಕ್ಕದ್ದು ನನ್ನನ್ನಲ್ಲ, ನಿನ್ನನ್ನು ಎಂಬುದೇ ಸಮಾಧಾನ.

ನಿನ್ನ ಮಾತು ಮುಕ್ಕಾಲು ಕೇಳಿದ್ದೇನೆ. ಕಲ್ಲು ಕೊಯ್ಯುವವರು ಬಿಸಾಡಿದ ಕೆಂಪು ಕಲ್ಲಿನ ಚೂರುಗಳನ್ನು ಹಾಸಿ, ಮೇಲೆ ಹಲಗೆ ಹಾಕಿ, ಚೀಲ ಒಟ್ಟಿದ್ದೇನೆ. ನೆತ್ತಿ, ಇಳಿಜಾರು ಎಲ್ಲ ನಿನ್ನ ಬಣವೆಯಂತೆಯೇ. ಗಾಳಿಯ ಮಾತು ಮಾತ್ರ ಬಿಟ್ಟೆ. ಗಾಳಿ ಹೋಗುವ ಕಡೆ ಮಳೆಯೂ ಹೋಗುತ್ತದಲ್ಲ? ದಪ್ಪ ಪ್ಲಾಸ್ಟಿಕ್ ತಾಡಪತ್ರಿ ತಂದು, ನೆಲಕ್ಕೆ ಮುಟ್ಟುವಂತೆ ಎಳೆದು, ಸುತ್ತ ಮಣ್ಣು ಏರಿಸಿ, ಹಗ್ಗ ಬಿಗಿದಿದ್ದೇನೆ. ಇರುವೆ ಸಹ ಒಳಗೆ ನುಗ್ಗಲಾರದು. ಇದು ಕಣಕಿಯಲ್ಲ ಅಕ್ಕಾ, ಯಂತ್ರದ ಮಾಲು. ಇದಕ್ಕೆ ಉಸಿರು ಬೇಕಿಲ್ಲ.

ಮೊನ್ನೆ ಮೊದಲ ಮಳೆ ಬಂತು. ತಾಡಪತ್ರಿಯ ಮೇಲಿಂದ ನೀರು ಜಾರುವುದನ್ನೇ ನೋಡುತ್ತ ನಿಂತಿದ್ದೆ. ಬಾನುಬಿಯವರು ಕೊಡೆ ಹಿಡಿದು ಬಂದರು, ಸುತ್ತ ಒಂದು ಸಲ ತಿರುಗಿದರು, “ಚಲೋ ಕಟ್ಟೀಯಪಾ” ಎಂದರು. ಹತ್ತೊಂಬತ್ತು ವರ್ಷದಲ್ಲಿ ಅವರ ಬಾಯಿಂದ ಆ ಮಾತು ಮೊದಲ ಸಲ. ಅವತ್ತು ನನಗೆ ಊಟವೇ ಬೇಕಾಗಲಿಲ್ಲ.

ಮುತ್ತುರಾಜ


ಮರೋಳ
18 ಜೂನ್ 2024

ಮುತ್ತೂ,

ಹೊರಗಿನ ಇರುವೆ ಒಳಗೆ ಹೋಗದಂತೆ ಕಟ್ಟಿದ್ದೀ, ಸರಿ. ಒಳಗಿನ ತೇವ ಹೊರಗೆ ಹೇಗೆ ಬರಬೇಕು? ಬಿಸಿ ರೊಟ್ಟಿಯನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಿದರೆ ಮುಚ್ಚಳದ ತುಂಬ ನೀರು ಕೂರುತ್ತದೆ. ಅದಕ್ಕೇ ತಾನೆ ನಾವು ಬುಟ್ಟಿಯಲ್ಲಿ ಹಾಕಿ ಬಟ್ಟೆ ಹೊದಿಸುವುದು. ಆ ಮಣ್ಣು ತೆಗೆ, ಕೆಳಗೆ ಒಂದು ಗೇಣು ಬಿಚ್ಚು.

ನೀನು ಬಿಚ್ಚುವುದಿಲ್ಲ, ಗೊತ್ತು. ಬಿಚ್ಚಿದ್ದೇನೆ ಎಂದು ಬರೆದರೂ ನಂಬುವುದು ಹೇಗೆ? ಚಿಕ್ಕವನಿದ್ದಾಗ ಸುಳ್ಳು ಹೇಳುವಾಗೆಲ್ಲ ನೀನು ಎಡಗಿವಿ ಹಿಡಿದುಕೊಳ್ಳುತ್ತಿದ್ದೆ. ಅವ್ವ ನಿನ್ನ ಮಾತು ಕೇಳುತ್ತಿರಲಿಲ್ಲ, ಕಿವಿ ನೋಡಿಯೇ ಕೋಲು ಹುಡುಕುತ್ತಿದ್ದಳು. ಕಾಗದದಲ್ಲಿ ಕಿವಿ ಕಾಣುವುದಿಲ್ಲ, ಅದೊಂದೇ ತೊಂದರೆ.

ನನಗೆ ದವಡೆಹಲ್ಲು ನೋವು. ಹೆಚ್ಚು ಬರೆಯಲಾರೆ.

ಸೋಮವ್ವ


ಇಳಕಲ್ಲ
16 ಜುಲೈ 2024

ಅಕ್ಕಾ,

ಕೆಲಸ ಹೆಚ್ಚು, ಅದಕ್ಕೇ ಬರೆಯಲಾಗಲಿಲ್ಲ. ಎಲ್ಲ ಚಲೋ ಇದೆ. ಮಳೆ ದೊಡ್ಡದಲ್ಲ, ದಿನವೂ ಜಿಟಿಜಿಟಿ. ಮನೆಗೆ ಹೋಗುವುದು ಕಡಿಮೆಯಾಗಿದೆ, ಅಂಗಳದಲ್ಲೇ ತಾಡಪತ್ರಿಯ ಅಂಚಿನಡಿ ಮಲಗುತ್ತೇನೆ. ಚಿಂತೆ ಬೇಡ. ಹಲ್ಲು ತೋರಿಸು.

ಮುತ್ತುರಾಜ


ಮರೋಳ
22 ಜುಲೈ 2024

ಮುತ್ತೂ,

ಎಲ್ಲ ಚಲೋ ಇದ್ದರೆ ಮಳೆಯಲ್ಲಿ ಹೊರಗೆ ಏಕೆ ಮಲಗುತ್ತೀ? ಕಳ್ಳರ ಭಯವೇ? ಹೊಟ್ಟನ್ನು ಯಾವ ಕಳ್ಳ ಒಯ್ಯುತ್ತಾನೆ? ನಮ್ಮ ಎಮ್ಮೆಯೇ ಮೂಸಿ ಬಿಟ್ಟಿತು. ಕೀಲಿ ಬಂದ ಮೇಲೆ ನಿನಗೆ ಊರೆಲ್ಲ ಕಳ್ಳರೇ ಕಾಣುತ್ತಿರಬೇಕು.

ಅವ್ವನ ಕಂಬಳಿ ಕಳಿಸಿದ್ದೇನೆ. ಅವಳೇ ನೂತ ಉಣ್ಣೆಯದು. ಅವ್ವ ಹೋದ ಮೇಲೆ ವರ್ಷಕ್ಕೊಮ್ಮೆ ಬೀರಪ್ಪನ ಗದ್ದುಗೆಗೆ ಹಾಸುವುದು ಬಿಟ್ಟರೆ ಟ್ರಂಕಿನಿಂದ ತೆಗೆದದ್ದಿಲ್ಲ. ನಿನಗೆ ಎದೆಯಲ್ಲಿ ಕಫ ಕಟ್ಟುತ್ತದೆ ಎಂದು ಕಳಿಸಿದೆ. ಹೊದ್ದುಕೋ. ಕಾಲಡಿಗೆ ಹಾಕಬೇಡ, ಬೀಡಿಯ ಕಿಡಿ ತಾಗಿಸಬೇಡ. ಮಾವನಿಗೆ ಹೇಳದೆ ಕಳಿಸಿದ್ದೇನೆ.

ಸೋಮವ್ವ


ಇಳಕಲ್ಲ
30 ಜುಲೈ 2024

ಅಕ್ಕಾ,

ಅವ್ವನ ಕಂಬಳಿ ಹೊದ್ದುಕೊಂಡು ಸುಳ್ಳು ಬರೆಯಲು ಆಗುವುದಿಲ್ಲ.

ಕಳ್ಳರೂ ಇಲ್ಲ, ಗಿಳ್ಳರೂ ಇಲ್ಲ. ನಾನು ಅಲ್ಲಿ ಮಲಗುವುದು ಮುಂಜಾನೆ ತಾಡಪತ್ರಿಯ ಒಳಮೈ ಒರೆಸಲು. ಜುಲೈ ಮೊದಲ ವಾರ ಒಂದು ಮೂಲೆ ಬಿಚ್ಚಿ ಕೈ ಹಾಕಿದೆ. ಮಳೆಯ ನೀರು ಒಳಗೆ ಹೋಗಿಲ್ಲ. ಆದರೆ ಪ್ಲಾಸ್ಟಿಕ್ಕಿನ ಒಳಗೆಲ್ಲ ಹನಿ, ಮನುಷ್ಯ ಬೆವರಿದಂತೆ. ಹಗಲು ಬಿಸಿಲಿಗೆ ಕಾಯುತ್ತದೆ, ತಂಪು ಹೊತ್ತಿಗೆ ಬೆವರುತ್ತದೆ, ಆ ಬೆವರು ಚೀಲಗಳ ಮೇಲೆ ತೊಟ್ಟಿಕ್ಕುತ್ತದೆ. ನಿನ್ನ ರೊಟ್ಟಿ ಡಬ್ಬಿಯ ಮಾತೇ ಖರೆಯಾಯಿತು. ಮೇಲಿನ ಸಾಲಿನ ಹದಿನಾಲ್ಕು ಚೀಲ ಉಬ್ಬಿ ಹೊಟ್ಟಾಗಿವೆ. ಎಮ್ಮೆಯ ಬಕೆಟ್ಟಿನಲ್ಲಿ ನೀನು ಕಂಡದ್ದನ್ನೇ ಹದಿನಾಲ್ಕು ಸಲ ಕಂಡೆ.

ಅವನ್ನು ಬಚ್ಚಲ ಹಿಂದೆ ಬಚ್ಚಿಟ್ಟಿದ್ದೇನೆ. ಬಾನುಬಿಯವರಿಗೆ ಹೇಳಿಲ್ಲ. ಉಳಿದ ಚೀಲಗಳಿಗಾಗಿ ಬಟ್ಟೆ ಹಿಡಿದು ಒರೆಸುತ್ತೇನೆ, ಒರೆಸಿದಷ್ಟೂ ಬೆವರುತ್ತದೆ. ಅಯೂಬ ನಿನ್ನೆ, “ಏನಪಾ ಉಸ್ತುವಾರಿ, ಕೊಡ್ಲಿ ಸಾಣಿ ಹಿಡಿಸಿ ಇಟ್ಟೇನಿ” ಎಂದ. ಚೇಷ್ಟೆಗೆ ಹೇಳಿದ್ದು, ಆದರೂ ಅಲ್ಲಿಂದ ಎದ್ದು ಹೋದೆ. ನನಗೆ ಕೊಡಲಿಯ ಕೆಲಸ ಕೀಳೆಂದಲ್ಲ. ಒಂದು ಸಲ ಕೀಲಿ ಹಿಡಿದು ಎಲ್ಲರೆದುರು ಮರಳಿ ಕೊಡುವುದಿದೆಯಲ್ಲ, ಅದು ಆಗದು.

ಒಂದು ವಿಚಿತ್ರ ಹೇಳುತ್ತೇನೆ. ನಾನು ಮಲಗುವುದು ಬಿಚ್ಚಿದ ಆ ಮೂಲೆಯಲ್ಲಿ, ತಾಡಪತ್ರಿಯ ಅಂಚಿನಡಿಯಲ್ಲೇ. ಕಂಬಳಿಯ ಮೇಲೆಲ್ಲ ಹನಿ ಬಿದ್ದಿರುತ್ತದೆ, ಒಳಗೆ ನಾನು ಬೆಚ್ಚಗೆ, ಒಣಗಿಯೇ ಇರುತ್ತೇನೆ. ಮಾಲು ತೊಯ್ದು ಉಸ್ತುವಾರಿ ಒಣಗಿರುವುದು ನೋಡಿ ನನಗೇ ನಾಚಿಕೆ.

ಮುತ್ತುರಾಜ


ಮರೋಳ
6 ಆಗಸ್ಟ್ 2024

ಎಲೋ ಕೋಣಾ,

ಉತ್ತರವನ್ನು ಮೈಮೇಲೆ ಹೊದ್ದುಕೊಂಡು ಉತ್ತರ ಗೊತ್ತಿಲ್ಲ ಎಂದು ಅಳುತ್ತೀಯಲ್ಲ! ಕಂಬಳಿ ಹನಿ ಕುಡಿದುಕೊಂಡು ನಿನ್ನನ್ನು ಒಣಗಿಸಿ ಇಡುತ್ತದಾದರೆ ಚೀಲವನ್ನು ಇಡುವುದಿಲ್ಲವೇ? ಕುರಿ ಕಾಯುವ ಮನೆಯಲ್ಲಿ ಹುಟ್ಟಿ, ಮಳೆಯಲ್ಲಿ ಕಂಬಳಿ ಸೂಡಿ ಬೆಳೆದವ ನೀನು. ಪ್ಲಾಸ್ಟಿಕ್ ನೋಡಿ ಎಲ್ಲ ಮರೆತೆ.

ಇಮಾಮಹುಸೇನನ ಟೆಂಪೋದಲ್ಲಿ ಹನ್ನೆರಡು ಹಳೆಯ ಕಂಬಳಿ ಬರುತ್ತಿವೆ. ನಮ್ಮ ಓಣಿಯ ಮನೆಮನೆಗೆ ಹೋಗಿ ಕೇಳಿದೆ. ಯಾರೂ ಇಲ್ಲ ಎನ್ನಲಿಲ್ಲ. ರಾಮವ್ವ ತನ್ನದು ಹರಿದಿದೆಯೆಂದು ತೇಪೆ ಹಾಕಿ ಕೊಟ್ಟಳು. ನಿನ್ನ ಮಾವ ತಾವೇ ಕಟ್ಟಿ ಟೆಂಪೋಗೆ ಹೇರಿದರು. ಅವ್ವನದು ಸೇರಿದರೆ ಹದಿಮೂರು.

ಮೊದಲು ಆ ಮಣ್ಣು ಕಿತ್ತು ಹಾಕು. ತಾಡಪತ್ರಿಯನ್ನು ನೆಲದಿಂದ ಒಂದು ಗೇಣು ಮೇಲೆತ್ತಿ ಕಟ್ಟು, ಕೆಳಗಿನಿಂದ ಗಾಳಿ ಬರಲಿ. ಕಂಬಳಿಗಳನ್ನು ಚೀಲಗಳ ಮೇಲೆ ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಹೊದಿಸು. ಮೇಲೆ ನಾಲ್ಕು ಗಳ ಇಟ್ಟು, ಆ ಗಳಗಳ ಮೇಲೆ ತಾಡಪತ್ರಿ ಎಳೆ, ಕಂಬಳಿಗೆ ಅಂಟಿಕೊಳ್ಳಬಾರದು. ಬಿಸಿಲು ಬಿದ್ದ ದಿನ ತಾಡಪತ್ರಿ ತೆಗೆದು ಕಂಬಳಿ ಒಣಹಾಕು. ಹೊದಿಸುವ ಮೊದಲು ಭಂಡಾರದ ಅರಿಷಿಣ ಹಚ್ಚು, ಬೀರಪ್ಪನ ಹೆಸರು ಹೇಳು. ನಮ್ಮಲ್ಲಿ ಕಂಬಳಿಯನ್ನು ಸುಮ್ಮನೆ ಬೀಸಿ ಒಗೆಯುವುದಿಲ್ಲ, ನಿನಗೆ ಗೊತ್ತಿದೆ.

ಗದ್ದುಗೆಗೆ ಹಾಸುವುದನ್ನು ಹೊಟ್ಟಿಗೆ ಹೊದಿಸುವುದೇ ಎಂದು ನೀನು ಕೇಳುತ್ತೀ. ಅದೇ ಕಂಬಳಿಯನ್ನು ಅವ್ವ ಆಗತಾನೇ ಹುಟ್ಟಿದ ಕುರಿಮರಿಗೆ ಹೊದಿಸಿದ್ದನ್ನು ನಾನು ಕಂಡಿದ್ದೇನೆ. ಅವ್ವನದು ಎಲ್ಲಕ್ಕಿಂತ ಮೇಲೆ, ನೆತ್ತಿಯಲ್ಲಿರಲಿ.

ಇನ್ನೊಂದು. ಹದಿನಾಲ್ಕು ಚೀಲದ ಸಂಗತಿಯನ್ನು ಬಾನುಬಿಯವರಿಗೆ ಇವತ್ತೇ ಹೇಳು. ಹೊಟ್ಟು ಮುಚ್ಚಿಟ್ಟಷ್ಟೂ ನಾರುತ್ತದೆ.

ಸೋಮವ್ವ


ಇಳಕಲ್ಲ
12 ಸೆಪ್ಟೆಂಬರ್ 2024

ಅಕ್ಕಾ,

ಗೆದ್ದೆವು!

ಹದಿನಾಲ್ಕು ಚೀಲದ ಸಂಗತಿ ಹೇಳಿದೆ. ಬಾನುಬಿಯವರು ಹದಿನಾಲ್ಕನ್ನೂ ಬಿಚ್ಚಿಸಿ ನೋಡಿ ಒಳಗೆ ಹೋದರು. ಮೂರನೆಯ ದಿನ, “ಉಳಿದದ್ದಾರ ಉಳಿಸು” ಎಂದರು. ನೀನು ಹೇಳಿದಂತೆಯೇ ಹೊದಿಸಿದೆ. ಆಮೇಲೆ ಈ ತಿಂಗಳು ಮಳೆ ಹೇಗೆ ಹೊಡೆಯಿತೆಂದು ನಿನಗೇ ಗೊತ್ತು. ಐದು ದಿನ ಸೂರ್ಯನ ಮುಖ ಕಾಣಲಿಲ್ಲ, ಅಂಗಳದಲ್ಲಿ ಪಾದ ಮುಳುಗುವಷ್ಟು ನೀರು ಹರಿಯಿತು.

ಆರನೆಯ ದಿನ ಬಾನುಬಿಯವರು, ಅಯೂಬ, ಕೆಲಸದವರೆಲ್ಲ ಬಂದು ನಿಂತರು. ತಾಡಪತ್ರಿಯ ಒಳಮೈ ಬೆವರಿತ್ತು. ಕಂಬಳಿಗಳ ಮೇಲ್ಮೈ ತಣ್ಣಗಿತ್ತು. ಅವ್ವನ ಕಂಬಳಿ ಎತ್ತಿ ಕೆಳಗಿನ ಚೀಲ ಬಿಚ್ಚಿದೆ. ಬಾನುಬಿಯವರು ಒಂದು ಪೆಲೆಟ್ ತೆಗೆದು ಎರಡು ಬೆರಳಲ್ಲಿ ಮುರಿದರು. ಟಕ್ ಎಂದಿತು! ತೇವ ಹಿಡಿದದ್ದು ಮೆತ್ತಗೆ ಪುಡಿಯಾಗುತ್ತದೆ, ಒಣಗಿದ್ದು ಮಾತ್ರ ಹಾಗೆ ಸಪ್ಪಳ ಮಾಡುತ್ತದೆ. ನೂರಾ ಆರು ಚೀಲದಲ್ಲಿ ಒಂದೂ ಕೆಟ್ಟಿಲ್ಲ. ಅವತ್ತೇ ಕೆಂಪು ಕುದಿಸಿದರು. ಉರಿ ಒಂದು ಸಲವೂ ಕುಗ್ಗಲಿಲ್ಲ, ನೂಲಿನಲ್ಲಿ ಎಲ್ಲಿಯೂ ಕಲೆಯಿಲ್ಲ. “ಕೀಲಿ ನಿಂದಪಾ, ಯಾರೂ ಕೇಳಂಗಿಲ್ಲ” ಎಂದರು ಬಾನುಬಿಯವರು.

ಈಗ ಬೇರೆ ಬಣ್ಣದ ಮನೆಯವರೂ ನೋಡಲು ಬರುತ್ತಾರೆ. ಹೇಗೆ ಹೊಳೆಯಿತು, ಏನು ಕತೆ ಎಂದು ಕೇಳುತ್ತಾರೆ. ಏನೋ ಹೇಳುತ್ತೇನೆ. ಇಷ್ಟು ಜನ ನನ್ನ ಮಾತನ್ನು ಬಾಯಿ ಬಿಟ್ಟುಕೊಂಡು ಕೇಳಿದ್ದು ಜನ್ಮದಲ್ಲಿ ಇದೇ ಮೊದಲು.

ಮುತ್ತುರಾಜ


ಮರೋಳ
26 ಸೆಪ್ಟೆಂಬರ್ 2024

ಮುತ್ತೂ,

ಹಲ್ಲು ಕೀಳಿಸಿದೆ. ಎಲ್ಲಿ ಗೊತ್ತೇ? ಇಳಕಲ್ಲಿನಲ್ಲಿಯೇ, ಕಳೆದ ಶನಿವಾರ.

ದವಾಖಾನೆಯಿಂದ ಬರುವಾಗ ಬಾಯಿಗೆ ಅರಳೆ ತುರುಕಿಕೊಂಡೇ ನಿಮ್ಮ ಬಣ್ಣದ ಮನೆ ಕೇಳಿಕೊಂಡು ಬಂದೆ. ಹಿತ್ತಲ ಗೇಟಿಗೆ ಒಳಗಿನಿಂದ ಕೀಲಿ ಹಾಕಿತ್ತು. ಸರಳುಗಳ ನಡುವಿನಿಂದ ನೋಡಿದೆ. ಏಳೆಂಟು ಜನ ನಿಂತಿದ್ದರು, ನಡುವೆ ನೀನು. ಒಂದು ಕಂಬಳಿ ಕೊಡವಿ ಹೊದಿಸಿ ತೋರಿಸಿದೆ. ಅವ್ವ ಕೊಡವುತ್ತಿದ್ದಳಲ್ಲ, ಎರಡು ಸಲ ಮೆಲ್ಲಗೆ, ಮೂರನೆಯ ಸಲ ಜೋರು, ಹಾಗೆಯೇ. ನಾನು ಸರಳು ಹಿಡಿದುಕೊಂಡು ನಿಂತುಬಿಟ್ಟೆ.

ಆಮೇಲೆ ಯಾರೋ ಏನೋ ಕೇಳಿದರು. ನೀನು ಎರಡು ಸಲ ಎದೆ ತಟ್ಟಿಕೊಂಡು ಏನೋ ಹೇಳಿದೆ. ನನಗೆ ಕೇಳಿಸುವುದಿಲ್ಲ, ನಿನಗೆ ಗೊತ್ತು. “ನಮ್ಮಕ್ಕ ಹೇಳಿಕೊಟ್ಟದ್ದು” ಎಂದಿರಬೇಕು. ಹಾಗೆ ಹೇಳುವಾಗ ಎಡಗಿವಿ ಹಿಡಿದುಕೊಂಡಿದ್ದೆ. ಅವತ್ತು ಗಾಳಿ ತಂಪಾಗಿತ್ತು, ಕಿವಿಗೆ ಚಳಿಯಾಗಿರಬೇಕು.

ನನಗೆ ಹೆಮ್ಮೆಯಾಯಿತು. ಕೂಗಲಿಲ್ಲ, ಅರಳೆಯ ಬಾಯಿ, ಸೀರೆಗೆಲ್ಲ ರಕ್ತದ ಕಲೆ. ಹಾಗೇ ಬಸ್ಸಿಗೆ ಹೋದೆ.

ಸೋಮವ್ವ


ಇಳಕಲ್ಲ
5 ಅಕ್ಟೋಬರ್ 2024

ಅಕ್ಕಾ,

ನಿನ್ನ ಕಾಗದ ಓದಿ ಮೂರು ದಿನ ಯಾರ ಮುಖವನ್ನೂ ನೋಡಲಿಲ್ಲ. ಚಳಿಯಿರಲಿಲ್ಲ. ನಿನಗೂ ಗೊತ್ತು.

ಅವತ್ತು ನಾನು ಹೇಳಿದ್ದು ಇದು: “ಯಾರ್ ಹೇಳಿಕೊಡ್ತಾರ್ರಿ? ಇದು ನಂದ ತಲಿ.” ಎದೆ ತಟ್ಟಿಕೊಂಡದ್ದು ಅದಕ್ಕೇ. ಆ ವಾರವೆಲ್ಲ ಬಂದವರಿಗೆಲ್ಲ ಅದನ್ನೇ ಹೇಳಿದ್ದೆ. ಬಾನುಬಿಯವರಿಗೂ ಅದನ್ನೇ. ಹತ್ತೊಂಬತ್ತು ವರ್ಷ ಯಾರೂ ಹೆಸರು ಹೇಳದವನಿಗೆ ಒಂದು ಸಲ ಹೆಸರು ಬಂದಾಗ ಅದನ್ನು ಹಂಚಿಕೊಳ್ಳಲು ಮನಸ್ಸಾಗಲಿಲ್ಲ. ನೀನು ಅದೇ ಹೊತ್ತಿಗೆ ಗೇಟಿನಾಚೆ ಬಾಯಿಗೆ ಅರಳೆ ಇಟ್ಟುಕೊಂಡು ನಿಂತಿದ್ದೆ.

ನಿನ್ನೆ ಆ ಎಲ್ಲ ಜನರನ್ನು ಚಹಾಕ್ಕೆ ಕರೆದೆ. ಬಾನುಬಿಯವರನ್ನೂ ಅಂಗಳಕ್ಕೆ ಕರೆದೆ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕಿವಿ ಮುಟ್ಟದೆ ಹೇಳಿದೆ. ಬಣವೆಯೂ ನಮ್ಮಕ್ಕನದು, ಕಂಬಳಿಯೂ ನಮ್ಮಕ್ಕನದು, ನಂದು ತಾಡಪತ್ರಿಯೊಂದೇ, ಅದೇ ಹದಿನಾಲ್ಕು ಚೀಲ ಕೆಡಿಸಿದ್ದು. ನೀನು ಬಂದು ಗೇಟಿನಿಂದಲೇ ಹೋದದ್ದನ್ನೂ ಹೇಳಿದೆ.

ಅಯೂಬ ನಗುತ್ತಾನೆಂದು ಕಾದೆ, ನಗಲಿಲ್ಲ. “ಎಮ್ಮಿಗೆ ನೆನಿಯಿಟ್ಟಿದ್ದ ಅಕ್ಕಾರ?” ಎಂದು ಮೆಲ್ಲಗೆ ಕೇಳಿದ. ಹೌದೆಂದೆ. “ಖರೆ ಹುಷಾರ್ ಹೆಣಮಗಳು” ಎಂದ.

ನಾನು ಕೀಲಿಯನ್ನು ಬಿಚ್ಚಿ ಬಾನುಬಿಯವರ ಮುಂದೆ ಹಿಡಿದೆ. ಅವರು ಮುಟ್ಟಲಿಲ್ಲ. “ಅಕ್ಕಾರ್ನ ಗೇಟಿನ ಹೊರಗ ನಿಲ್ಲಿಸಿ ಕಳಿಸೀಯಲ್ಲೋ ಮುತ್ತುರಾಜ. ಆ ಕೀಲಿ ನಿನಗ್ಯಾಕ ಕೊಟ್ಟೇನಿ, ಗೇಟ ತೆಗ್ಯಾಕಲ್ಲೇನು? ಇಟ್ಕೊ. ಮೊದ್ಲ ಅವ್ರಿಗೆ ಕಾಗದ ಬರಿ” ಎಂದರು.

ಅದಕ್ಕೇ ಬರೆಯುತ್ತಿದ್ದೇನೆ. ಜೊತೆಗಿರುವುದು ಐದು ದಿನದ ಮಳೆಯಾದ ಮೇಲೆ ನಮ್ಮ ಮಾಲಿನಿಂದ ಕುದಿಸಿದ ಮೊದಲ ಕೆಂಪಿನ ಒಂದು ಲಡಿ ನೂಲು. ಬಾನುಬಿಯವರೇ ಕತ್ತರಿಸಿ ಕೊಟ್ಟರು.

ನಿನ್ನ ತಮ್ಮ,
ಮುತ್ತುರಾಜ


ಮರೋಳ
14 ಅಕ್ಟೋಬರ್ 2024

ತಮ್ಮಾ ಮುತ್ತೂ,

ನಿನ್ನ ಕಾಗದವನ್ನು ಎರಡು ಸಲ ನಾನೇ ಓದಿದೆ, ಮೂರನೆಯ ಸಲ ನಿನ್ನ ಮಾವನಿಂದ ಜೋರಾಗಿ ಓದಿಸಿದೆ. ರಾಮವ್ವನ ಮನೆಗೂ ಕೇಳಿಸಲಿ ಎಂದು.

ಗೇಟಿನ ಹೊರಗೆ ನಿಂತಾಗ ಹೆಮ್ಮೆಯಾಯಿತು ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಬಸ್ಸಿನಲ್ಲಿ ಅಮೀನಗಡದ ತನಕ ಅತ್ತೆ. ಹಲ್ಲಿನ ನೋವೆಂದು ಪಕ್ಕದವಳಿಗೆ ಹೇಳಿದೆ. ಕಾಗದದಲ್ಲಿ ನನ್ನ ಕಿವಿಯೂ ಕಾಣುವುದಿಲ್ಲ ನೋಡು.

ಇವತ್ತು ಬರೆಯುವುದು ಖರೆ. ನೀನು ಕೀಲಿ ಬಿಚ್ಚಿ ಹಿಡಿದೆ ಎಂಬಲ್ಲಿಗೆ ಬಂದಾಗ ನನ್ನ ಎದೆ ಉಬ್ಬಿತು. ಅವ್ವ ಇದ್ದಿದ್ದರೆ ಕೋಲು ಎಸೆದು ನಿನಗೆ ದೃಷ್ಟಿ ತೆಗೆಯುತ್ತಿದ್ದಳು.

ಕೆಂಪು ನೂಲನ್ನು ಎಮ್ಮೆಯ ಕೊರಳಿಗೆ ಕಟ್ಟಿದ್ದೇನೆ. ನಿನ್ನ ಮಾಲನ್ನು ಎಲ್ಲರಿಗಿಂತ ಮೊದಲು ಪರೀಕ್ಷೆ ಮಾಡಿದ್ದು ಅದೇ ತಾನೆ? ಬಣ್ಣ ಭಾಳ ಚೆನ್ನಾಗಿ ಬಂದಿದೆ, ನೀರು ಕುಡಿಸುವಾಗ ತೊಯ್ದರೂ ಬಿಟ್ಟಿಲ್ಲ.

ಜೋಳ ಬಿತ್ತಿದ ಮೇಲೆ ಬರುತ್ತೇನೆ. ಅವ್ವನ ಕಂಬಳಿ ಒಣಹಾಕಿ ಮಡಿಚಿಡು, ಗೇಟು ತೆಗೆದಿಡು.

ನಿನ್ನ ಅಕ್ಕ,
ಸೋಮವ್ವ